ಮಾಂಟೆ ಕಾರ್ಲೊ, ಸೋಬೋಲ್, ಗಾಸ್: ಒಂದು ತಗಡು, ಒಂದು ಆಂಟೆನಾ

ಶಿವಮೊಗ್ಗದಲ್ಲಿ ನನ್ನ ಬಳಿ ಪ್ರಾಜೆಕ್ಟಿಗೆ ಬರುವ ಎಂಜಿನಿಯರಿಂಗ್ ಹುಡುಗರು ಆಂಟೆನಾ ಲೆಕ್ಕಕ್ಕೆ ಸೋಬೋಲ್ ಸರಣಿಯನ್ನು ಕಣ್ಣು ಮುಚ್ಚಿ ಬಳಸುತ್ತಾರೆ. ಎಲ್ಲ ಕಡೆಗೂ ಅದು ಸಲ್ಲದು ಎಂಬುದನ್ನು ಅವರಿಗೆ ತೋರಿಸಲು ಸರಾಸರಿ ಲೆಕ್ಕ ಹಾಕುವ ಮೂರು ವಿಧಾನಗಳನ್ನು ಒಂದೇ ಸಮಸ್ಯೆಗೆ ಹಚ್ಚಿ ನೋಡಿದೆ: ಬಿಂದುಗಳನ್ನು ಯಾದೃಚ್ಛಿಕವಾಗಿ ಉದುರಿಸುವ ಮಾಂಟೆ ಕಾರ್ಲೊ, ಸಮನಾಗಿ ಹರಡುವ ಸೋಬೋಲ್, ಮೊದಲೇ ಗೊತ್ತುಮಾಡಿದ ಜಾಲದ ಮೇಲೆ ತೂಕ ಕೊಟ್ಟು ಇಡುವ ಗಾಸ್.

ಸಮಸ್ಯೆ ಸರಳ: ಒಂದು ಮೀಟರ್ ಬದಿಯ ಚೌಕ ತಗಡು. ಅದರ ಮೇಲಿನ ಎರಡು ಬಿಂದುಗಳ ನಡುವಣ ದೂರದ ವಿಲೋಮಕ್ಕೆ ಸರಾಸರಿ ಎಷ್ಟು? ಬಿಂದುವಿಗೆ ಎರಡರಂತೆ ನಾಲ್ಕು ನಿರ್ದೇಶಾಂಕಗಳು, ಹಾಗಾಗಿ ಇದು ನಾಲ್ಕು ಆಯಾಮದ ಅನುಕಲನ. ಕಾಗದದ ಮೇಲೆಯೇ ಸಿಗುವ ಉತ್ತರ 2.9732. ವಿದ್ಯುದಾವೇಶ ಸಮನಾಗಿ ಹರಡಿದೆ ಎಂದುಕೊಂಡರೆ ಇದರಿಂದ 37.4 ಪಿಕೋಫ್ಯಾರಡ್ ಧಾರಕತೆ (ಆವೇಶ ಹಿಡಿದಿಡುವ ಸಾಮರ್ಥ್ಯ) ಬರುತ್ತದೆ. ನಿಜವಾದ ಬೆಲೆ ಸುಮಾರು 40.8, ಆವೇಶ ಅಂಚುಗಳಲ್ಲಿ ಗುಂಪುಗೂಡುವುದನ್ನು ಇಲ್ಲಿ ಬಿಟ್ಟಿದ್ದೇವೆ.

ಮಾಂಟೆ ಕಾರ್ಲೊದಲ್ಲಿ ದೋಷ ಅರ್ಧವಾಗಬೇಕೆಂದರೆ ಬಿಂದುಗಳು ನಾಲ್ಕು ಪಟ್ಟಾಗಬೇಕು. ಅದನ್ನಾದರೂ ಸಹಿಸಬಹುದು. ಆದರೆ ದೂರದ ವಿಲೋಮವನ್ನು ವರ್ಗ ಮಾಡಿ ಸರಾಸರಿ ತೆಗೆದರೆ ಅದು ಅನಂತ. ಹಾಗಾಗಿ ಪ್ರೋಗ್ರಾಮು ಮುದ್ರಿಸುವ ದೋಷದ ಅಂದಾಜನ್ನು ನಂಬುವಂತಿಲ್ಲ. ಸರಾಸರಿ ನೆಲೆಗೊಂಡಿತು ಎನ್ನುವಷ್ಟರಲ್ಲಿ ಒಂದಕ್ಕೊಂದು ಅಂಟಿದಂತಿರುವ ಎರಡು ಬಿಂದುಗಳು ಬಿದ್ದು ಅದನ್ನು ಮೇಲಕ್ಕೆ ಎತ್ತಿಹಾಕುತ್ತವೆ.

ಸೋಬೋಲ್ 1967ರಲ್ಲಿ ಕೊಟ್ಟ ಸರಣಿಯ ಗುಣ ಬೇರೆ. ಅಡಿಕೆ ತೋಟದಲ್ಲಿ ಮರ ಸತ್ತ ಜಾಗ ನೋಡಿ ಸಸಿ ಇಡುವಂತೆ, ಪ್ರತಿ ಹೊಸ ಬಿಂದುವೂ ತೆರವಿದ್ದಲ್ಲಿ ಹೋಗಿ ಕೂರುತ್ತದೆ. ಆದರೆ ಅದರ ಮೊದಲ ಬಿಂದುವಿನ ಎಲ್ಲ ನಿರ್ದೇಶಾಂಕಗಳೂ ಸೊನ್ನೆ! ನಮ್ಮ ಎರಡೂ ಬಿಂದುಗಳು ತಗಡಿನ ಒಂದೇ ಮೂಲೆಗೆ ಬಂದು, ದೂರ ಸೊನ್ನೆಯಾಗಿ, ಉತ್ತರ ಅನಂತವಾಗುತ್ತದೆ. ಆ ಬಿಂದುವನ್ನು ಕಿತ್ತೆಸೆಯುವವರಿದ್ದಾರೆ. ಅದರಿಂದ ಸರಣಿಯ ಸಮತೋಲವೇ ಕೆಡುತ್ತದೆ. ನಿರ್ದೇಶಾಂಕಗಳ ಅಂಕೆಗಳನ್ನು ಯಾದೃಚ್ಛಿಕವಾಗಿ ಕಲಸುವುದು ಸರಿಯಾದ ದಾರಿ, ಪೈಥಾನ್ ಭಾಷೆಯ ಲೆಕ್ಕದ ಗ್ರಂಥಾಲಯವಾದ ಸೈಪೈಯಲ್ಲಿ ಆ ಸೌಲಭ್ಯವಿದೆ. ಬೇರೆ ಬೇರೆಯಾಗಿ ಕೆಲವು ಸಲ ಕಲಸಿ ಉತ್ತರಗಳ ಅಂತರ ನೋಡಿದರೆ ದೋಷದ ಅಂದಾಜೂ ಸಿಗುತ್ತದೆ. ಇಷ್ಟಾದರೂ, ಅನಂತಕ್ಕೆ ಏರುವ ಫಲನದ ಮೇಲೆ ಸೋಬೋಲ್ ತನ್ನ ಪೂರ್ಣ ವೇಗ ತೋರಿಸುವುದಿಲ್ಲ.

ಗಾಸ್ ವಿಧಾನವನ್ನು ನೇರವಾಗಿ ಹಚ್ಚಿದರೆ ಎರಡು ಜಾಲಗಳ ಬಿಂದುಗಳು ಒಂದರ ಮೇಲೊಂದು ಬಿದ್ದು ಮತ್ತೆ ಸೊನ್ನೆಯಿಂದ ಭಾಗಾಕಾರ. ಮೊದಲು ಕಾಗದದ ಮೇಲೆ ಸ್ವಲ್ಪ ಬೆವರು ಸುರಿಸಬೇಕು. ನಿರ್ದೇಶಾಂಕಗಳ ವ್ಯತ್ಯಾಸಗಳನ್ನೇ ಚರಗಳಾಗಿ ಹಿಡಿದರೆ ನಾಲ್ಕು ಆಯಾಮ ಎರಡಕ್ಕೆ ಇಳಿಯುತ್ತದೆ. ಚೌಕವನ್ನು ಕರ್ಣದುದ್ದಕ್ಕೆ ಸೀಳಿ ಡಫಿಯ ರೂಪಾಂತರ (ತ್ರಿಕೋನವನ್ನು ಚೌಕವಾಗಿ ಹಿಗ್ಗಿಸುವ ಚರಬದಲಾವಣೆ) ಮಾಡಿದರೆ ಛೇದದಲ್ಲಿದ್ದ ಸೊನ್ನೆ ಹೊಡೆದುಹೋಗುತ್ತದೆ. ಆಮೇಲೆ ಒಂದು ದಿಕ್ಕಿಗೆ 2, ಇನ್ನೊಂದಕ್ಕೆ 5, ಒಟ್ಟು ಬರೀ 10 ಬಿಂದುಗಳಲ್ಲಿ 2.9732 ಬಂದುಬಿಡುತ್ತದೆ! ತಗಡಿನ ಮಟ್ಟಿಗೆ ಗಾಸ್‌ಗೆ ಎದುರಾಳಿಯೇ ಇಲ್ಲ.

ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಯಾಗಿ ಆಂಟೆನಾದಲ್ಲಿ ಆಟ ತಿರುಗುತ್ತದೆ. ಐದು ಕಡ್ಡಿಗಳ ಉದ್ದ, ನಾಲ್ಕು ಅಂತರ, ಒಟ್ಟು ಒಂಬತ್ತು ಅಳತೆಗಳು. ಕತ್ತರಿಸುವಾಗ ಪ್ರತಿಯೊಂದೂ ಮಿಲಿಮೀಟರ್ ಲೆಕ್ಕದಲ್ಲಿ ಆಚೀಚೆ ಆಗುತ್ತದೆ. ಸರಾಸರಿ ಗಳಿಕೆ (ಒಂದು ದಿಕ್ಕಿಗೆ ಸಂಕೇತ ಎಷ್ಟು ಪಟ್ಟು ಬಲಗೊಳ್ಳುತ್ತದೆ ಎಂಬುದು) ಬೇಕೆಂದರೆ ಗಾಸ್ ಪ್ರತಿ ಅಳತೆಗೆ 3 ಬಿಂದುವಿನಂತೆ 19,683 ಸಲ, 5ರಂತೆ 19,53,125 ಸಲ ಆಂಟೆನಾದ ಲೆಕ್ಕವನ್ನು ಬಿಡಿಸಬೇಕು. ಇಲ್ಲಿ ಫಲನ ನಯವಾಗಿದೆ, ಸೋಬೋಲ್‌ಗೆ ಕೆಲವು ಸಾವಿರ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗಿ ಲೆಕ್ಕ 1024ಕ್ಕೆ ನಿಂತರೂ ಅದೊಂದು ಉತ್ತರವೇ. ಕಲಸಲು ಕೊಟ್ಟ ಬೀಜಸಂಖ್ಯೆ (ಅದೇ ಕಲಸುವಿಕೆಯನ್ನು ಮತ್ತೆ ತರುವ ಆರಂಭದ ಸಂಖ್ಯೆ) ಬರೆದಿಟ್ಟುಕೊಂಡರೆ ಮುಂದುವರಿಸಿ 2048 ಮಾಡಬಹುದು. ಗಾಸ್‌ನಲ್ಲಿ ಬಿಂದು ಹೆಚ್ಚಿಸಬೇಕೆಂದರೆ ಹಳೆಯ ಶ್ರಮವೆಲ್ಲ ನೀರುಪಾಲು.

ಸೋಬೋಲ್‌ನಂತೆಯೇ ಬಿಂದುಗಳನ್ನು ಸಮನಾಗಿ ಹರಡುವ ಹಾಲ್ಟನ್ ಸರಣಿಯನ್ನೂ ಈ ಆಂಟೆನಾಗೆ ಹಾಕಿ ನೋಡಿದೆ. ಎಂಟನೆಯ, ಒಂಬತ್ತನೆಯ ಆಯಾಮಗಳಿಗೆ ಅದು ಬಳಸುವ ಅವಿಭಾಜ್ಯಗಳು 19 ಮತ್ತು 23. ಸೊನ್ನೆಯ ನಂತರದ 18 ಬಿಂದುಗಳು 1/19, 2/19, ಇತ್ತ 1/23, 2/23 ಎಂದು ಹೆಜ್ಜೆ ಹಾಕುತ್ತ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಕೊನೆಯ ಎರಡು ಅಂತರಗಳು ಜೊತೆಜೊತೆಯಾಗಿಯೇ ಹಿಗ್ಗುತ್ತವೆ ಎಂದು ಲೆಕ್ಕ ನಂಬಿಬಿಡುತ್ತದೆ. ಕಲಸದೆ ಅದನ್ನು ಮುಟ್ಟಬೇಡಿ.