ವಾಟ್ಸಾಪ್ ಆರ್ಡರ್ ಪಟ್ಟಿಗೆ ಯಾವುದು ಸರಿ? ನನ್ನ ಓಟು ಪವರ್ ಕ್ವೆರಿಗೆ

ಇಳಕಲ್ಲಿನ ಒಂದು ಸೀರೆ ಹೋಲ್‌ಸೇಲ್ ಅಂಗಡಿಯಲ್ಲಿ ಆರ್ಡರ್ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ವಾಟ್ಸಾಪ್‌ನಲ್ಲಿ ಅಡ್ಡಾದಿಡ್ಡಿ ಬರುವ ಪಟ್ಟಿಯನ್ನು ಟೇಬಲ್ ಮಾಡೋಕೆ ನನಗೆ ಎಕ್ಸೆಲ್ ಒಳಗಿನ ಪವರ್ ಕ್ವೆರಿಯೇ ಇಷ್ಟ. ಇದಕ್ಕೂ ಮುಂಚೆ ಮಾಲಕರು ವರ್ಷದ ಚಂದಾ ಕಟ್ಟಿ ಯಾವುದೋ ಆರ್ಡರ್ ಸಾಫ್ಟ್‌ವೇರ್ ತಂದಿದ್ದರು. ಅದರಲ್ಲಿ ಒಂದೊಂದು ಸಾಲನ್ನೂ ಮತ್ತೆ ಕೈಯಾರೆ ಟೈಪ್ ಮಾಡಬೇಕು. ಅಷ್ಟಕ್ಕೆ ರಿಜಿಸ್ಟರ್ ಬುಕ್ಕೇ ಸಾಕಿತ್ತಲ್ವಾ?

ನಮಗೆ ಬರುವ ಸಾಲು ಹೀಗಿರುತ್ತದೆ: 'ಹುನಗುಂದ, ಚಿಕ್ಕಿ ಪರಾಸ, ಹಸಿರು, 6-9'. ಅಂದರೆ ಹುನಗುಂದದ ಅಂಗಡಿಗೆ ಚಿಕ್ಕಿ ಪರಾಸ ದಡಿಯ, ಒಂಬತ್ತು ಗಜದ ಹಸಿರು ಸೀರೆ ಆರು ಬೇಕು ಅಂತ. ಇಳಕಲ್ ಸೀರೆ 6, 8, 9 ಗಜದಲ್ಲಿ ಬರುವುದರಿಂದ ಉದ್ದ ಬರೆಯಲೇಬೇಕು. ನಡುನಡುವೆ ಕೆಲವರು ಕಾಮಾ ಹಾಕುತ್ತಾರೆ, ಕೆಲವರು ಓರೆಗೆರೆ (/).

ಎಲ್ಲರೂ ಮೊದಲು ಹೋಗುವುದು ಎಕ್ಸೆಲ್‌ನ ಟೆಕ್ಸ್ಟ್ ಟು ಕಾಲಮ್ಸ್‌ಗೆ. ಕಾಮಾ ಇದ್ದಲ್ಲಿ ಕತ್ತರಿಸುತ್ತದೆ, ಕೆಲಸ ಚಕಚಕ. ತಲೆನೋವು ಇರುವುದು ಆ 6-9ರಲ್ಲಿ. ಅದನ್ನು ಎಕ್ಸೆಲ್ ತಾರೀಖು ಅಂದುಕೊಂಡು 06-ಸೆಪ್ಟೆಂಬರ್ ಮಾಡಿಬಿಡುತ್ತದೆ. ಮಾಲಕರು ಶೀಟ್ ನೋಡಿ, "ಏನಪಾ ತಮ್ಮಾ, ಹುನಗುಂದದವ್ರು ಸೀರಿ ಕೇಳ್ಯಾರೋ, ಸೆಪ್ಟೆಂಬರ್ ಕೇಳ್ಯಾರೋ?" ಅಂದರು.

ಕಾಲಮ್ಮಿನ ಫಾರ್ಮ್ಯಾಟ್ ಜನರಲ್ ಮಾಡಿದರೆ 6-9 ವಾಪಸ್ ಬರುವುದಿಲ್ಲ. 2025ರ ಸೆಪ್ಟೆಂಬರ್ 6 ಆಗಿದ್ದರೆ 45906 ಅಂತ ಕಾಣುತ್ತದೆ. ಎಕ್ಸೆಲ್ ತಾರೀಖನ್ನು ಒಳಗೆ ಇಟ್ಟುಕೊಳ್ಳುವುದೇ ಹಾಗೆ, 1900ರಿಂದ ದಿನ ಎಣಿಸಿ. ಈ ಕಾಟ ನಮಗೊಬ್ಬರಿಗೇ ಅಲ್ಲ ಬಿಡಿ. ಎಕ್ಸೆಲ್ ತಾರೀಖು ಮಾಡುತ್ತದೆ ಅಂತಲೇ ವಿಜ್ಞಾನಿಗಳು 2020ರಲ್ಲಿ ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. 'ಮಾರ್ಚ್1' ಹೋಗಿ 'ಮಾರ್ಚ್‌ಎಫ್1' ಆಯಿತು! 2023ರಲ್ಲಿ ಎಕ್ಸೆಲ್‌ಗೆ ಇದನ್ನು ನಿಲ್ಲಿಸುವ ಆಯ್ಕೆ ಬಂತು. ಆದರೆ ಅದು ಅಕ್ಷರ, ಅಂಕಿ ಕೂಡಿ ಬಂದಾಗಿನ ಮಾತು. ನಮ್ಮ 6-9ಕ್ಕೆ ಅದರಿಂದ ಉಪಯೋಗವಿಲ್ಲ.

ಇದಕ್ಕೆ ದಾರಿ ಇದೆ. ಟೆಕ್ಸ್ಟ್ ಟು ಕಾಲಮ್ಸ್‌ನ ಮೂರನೇ ಹಂತದಲ್ಲಿ ಆ ಕಾಲಮ್ಮನ್ನು 'ಟೆಕ್ಸ್ಟ್' ಅಂತ ಆರಿಸಬೇಕು. ಪ್ರತಿ ಪಟ್ಟಿಗೂ, ಪ್ರತಿ ಸಲವೂ. ದಸರಾ, ದೀಪಾವಳಿ ಗದ್ದಲದಲ್ಲಿ ಯಾರಿಗೆ ನೆನಪಿರುತ್ತದೆ?

ಪವರ್ ಕ್ವೆರಿಯೂ ಸಾಚಾ ಏನಲ್ಲ. ಕಾಲಮ್ ಕತ್ತರಿಸಿದ ಕೂಡಲೇ ತಾನೇ 'ಚೇಂಜ್ಡ್ ಟೈಪ್' ಅನ್ನುವ ಹಂತ ಸೇರಿಸುತ್ತದೆ, ಅದರಿಂದ ಇಲ್ಲೂ 6-9 ತಾರೀಖಾಗಬಹುದು. ಆದರೆ ಆ ಹಂತ ಬಲಗಡೆ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ. ಇಂಟು ಗುರುತು ಒತ್ತಿದರೆ ಹೋಯಿತು, ಮೂಲ ಸಾಲಿಗೆ ಏನೂ ಆಗುವುದಿಲ್ಲ. ಓರೆಗೆರೆಯನ್ನು ಕಾಮಾ ಮಾಡು, ಕಾಮಾದಲ್ಲಿ ಕತ್ತರಿಸು, ಆಮೇಲೆ 6-9ನ್ನು ನಡುವಿನ ಗೆರೆಯಲ್ಲಿ ಸೀಳಿ ಎಣಿಕೆ ಬೇರೆ, ಗಜ ಬೇರೆ ಮಾಡು ಅಂತ ಒಮ್ಮೆ ಕಲಿಸಿದ್ದೇನೆ. ಈಗ ಹೊಸ ಪಟ್ಟಿ ಅಂಟಿಸಿ ರಿಫ್ರೆಶ್ ಒತ್ತುವುದಷ್ಟೇ. ಎಕ್ಸೆಲ್ 2016ರಿಂದ ಇದು ಒಳಗೇ ಬರುತ್ತದೆ, ಹಾಗಾಗಿ ಮಾಲಕರಿಗೆ ಹೊಸ ಖರ್ಚಿಲ್ಲ. ಕಲಿಯೋಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು.

ಎಕ್ಸೆಲ್‌ನದೇ ಫ್ಲಾಶ್ ಫಿಲ್: ಕಂಟ್ರೋಲ್ ಇ ಒತ್ತಿದರೆ ಮಾದರಿ ನೋಡಿ ತುಂಬುತ್ತದೆ. ಹತ್ತು ಸಾಲಿಗೆ ಚೆಂದ, ಮೂಲ ಬದಲಾದರೆ ತಾನು ಬದಲಾಗಲ್ಲ.

ಎಐ ಚಾಟ್‌ಗಳಿಗೆ ಕನ್ನಡ, ಇಂಗ್ಲಿಷ್ ಕಲಸಿದ ಸಾಲೂ ತಿಳಿಯುತ್ತದೆ. ಆದರೆ ಉದ್ದ ಪಟ್ಟಿಯಲ್ಲಿ ಸಾಲು ಬಿಟ್ಟುಹೋಗಿದೆಯಾ ಅಂತ ನಾವೇ ಎಣಿಸಬೇಕು. ಗಿರಾಕಿಗಳ ಫೋನ್ ನಂಬರ್ ಅಲ್ಲಿ ಹಾಕೋಕೂ ನನಗೆ ಮನಸ್ಸಿಲ್ಲ.

ಊರ ಹೆಸರಿನ ಗೋಜಲಿಗೆ ಓಪನ್‌ರಿಫೈನ್ ಅನ್ನುವ ಸಾಫ್ಟ್‌ವೇರ್ ಒಳ್ಳೆಯದು. ಪುಕ್ಕಟೆ, ನಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. 'ಬಾದಾಮಿ', 'ಬದಾಮಿ' ಎರಡೂ ಒಂದೇನಾ ಅಂತ ಕೇಳಿ ಕೂಡಿಸುತ್ತದೆ. ಕನ್ನಡಕ್ಕೆ ಅದರ ಲೆವೆನ್‌ಸ್ಟೈನ್ ವಿಧಾನ (ಎರಡು ಹೆಸರಲ್ಲಿ ಎಷ್ಟು ಅಕ್ಷರ ಬೇರೆ ಅಂತ ಎಣಿಸುವುದು) ಆರಿಸಿ, 'ಬ್ಲಾಕ್ ಚಾರ್ಸ್' (ಸಾಲಾಗಿ ಎಷ್ಟು ಅಕ್ಷರ ಹೊಂದಿದರೆ ಹೋಲಿಸಬೇಕು ಅನ್ನುವುದು) 6 ಇರುವುದನ್ನು 3ಕ್ಕೆ ಇಳಿಸಿ. ಇಲ್ಲದಿದ್ದರೆ ಚಿಕ್ಕ ಹೆಸರುಗಳನ್ನು ಹೋಲಿಸಿಯೇ ನೋಡಲ್ಲ. ನಾನು ಅದರಿಂದ ತಪ್ಪು ಹೆಸರು, ಸರಿ ಹೆಸರಿನ ಒಂದು ಪಟ್ಟಿ ಮಾಡಿಕೊಂಡು ಪವರ್ ಕ್ವೆರಿಗೆ ಜೋಡಿಸಿದ್ದೇನೆ. ಹೊಸ ತಪ್ಪು ಸಿಕ್ಕರೆ ಪಟ್ಟಿಗೆ ಒಂದು ಸಾಲು ಸೇರಿಸಿದರಾಯಿತು.

ಲ್ಯಾಪ್‌ಟಾಪ್ ಇಲ್ಲದೆ ಮೊಬೈಲ್ ಮೇಲೆಯೇ ಎಲ್ಲ ಮಾಡುವವರಾದರೆ ನನ್ನ ಮಾತು ಬಿಡಿ, ಗೂಗಲ್ ಶೀಟ್ಸ್‌ನ ಸ್ಪ್ಲಿಟ್ ಫಾರ್ಮುಲಾ ನೋಡಿ. ತಾರೀಖಿನ ಕಾಟ ಅಲ್ಲೂ ಇದೆ.