ಬೆಳಗಾವಿಯಲ್ಲಿ ಹಾಲು-ತುಪ್ಪ ಇಲ್ಲದ ಊಟ: ಖಾನಾವಳಿಯೇ ನನ್ನ ಆಯ್ಕೆ

ಬೆಳಗಾವಿಗೆ ಹೋದರೆ ನನ್ನ ಮಧ್ಯಾಹ್ನದ ಊಟ ಖಾನಾವಳಿಯಲ್ಲೇ. ಎಸಿ ಹೋಟೆಲ್, ಉಡುಪಿ ಹೋಟೆಲ್, ಮೊಬೈಲ್ ಆರ್ಡರ್, ಮನೆಯಿಂದ ಒಯ್ದ ಡಬ್ಬಿ, ಎಲ್ಲ ನೋಡಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನು ಯಾವುದನ್ನೂ ನಾನು ತಿನ್ನುವುದಿಲ್ಲ. ಮಾಂಸ, ಮೊಟ್ಟೆ ಮೊದಲಿಂದಲೂ ಇಲ್ಲ. ಕರುವಿಗೆ ಸೇರಬೇಕಾದ ಹಾಲು ನನಗೆ ಬೇಡ ಅನ್ನಿಸಿ ಬಿಟ್ಟಿದ್ದು, ಇವತ್ತಿಗೂ ಹಾಗೇ ಅನ್ನಿಸುತ್ತದೆ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೆಲಸ ಅಂತ ಆಗಾಗ ಬೆಳಗಾವಿಗೆ ಹೋಗಬೇಕಾಗುತ್ತದೆ. ಲೋಕಾಪುರ, ಯರಗಟ್ಟಿ ದಾಟಿ ಬಸ್ಸಿನಲ್ಲಿ ಹೋಗಿ ಇಳಿದು, ಮಚ್ಛೆಯ ಕ್ಯಾಂಪಸ್ಸಿಗೆ ಓಡಿ, ಕೆಲಸ ಮುಗಿಸಿ ಮತ್ತೆ ಊರೊಳಗೆ ಬರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿರುತ್ತದೆ.

ಇದನ್ನು ಬರೆಯಲು ಕಾರಣ ಈಚೆಗೆ ಒಂದು ಎಸಿ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಕೊಟ್ಟ ಬಿಲ್ಲು. ಹೆಸರು ಬೇಡ. ಮೆನುವಿನ ಒಂದು ಮೂಲೆಯಲ್ಲಿ ಎಲೆಯ ಚಿತ್ರ ಹಾಕಿ ವೀಗನ್ ಅಂತ ಬರೆದಿದ್ದರು, ಅಂದರೆ ನನ್ನ ಹಾಗೆ ಹಾಲು, ತುಪ್ಪ, ಜೇನನ್ನೂ ಬಿಟ್ಟವರ ಊಟ. ವೆಜ್ ಕಡಾಯಿ, ತಂದೂರಿ ರೋಟಿ ಹೇಳಿದೆ. ಬೆಣ್ಣೆ, ಕ್ರೀಮ್, ಪನೀರ್ ಬೇಡ ಅಂತ ಬಿಡಿಸಿ ಬಿಡಿಸಿ ಹೇಳಿದೆ. ವೇಟರ್ ಬರೆದುಕೊಂಡ. ಬಂದ ಕಡಾಯಿಯ ಮೇಲೆ ಕ್ರೀಮಿನ ಬಿಳಿ ಗೆರೆ ಇರಲಿಲ್ಲ, ಸರಿ ಅಂದುಕೊಂಡೆ. ಎರಡು ತುತ್ತು ಹೋದ ಮೇಲೆ ನಾಲಿಗೆಗೆ ಖೋವಾದ ಸಿಹಿ ಹತ್ತಿತು. ಕೇಳಿದೆ. ಮ್ಯಾನೇಜರ್ ಒಳಗೆ ಹೋಗಿ ವಿಚಾರಿಸಿ ಬಂದು, ‘ಸರ್, ಗ್ರೇವಿಯೊಳಗ ಮೊದಲ ಹಾಕಿರ್ತಾರ್ರಿ, ನಾವ್ ಮ್ಯಾಲೇನೂ ಹಾಕಿಲ್ರಿ’ ಅಂದ. ಬಿಲ್ಲು 400 ದಾಟಿತ್ತು. ನಾನು ತಿಂದದ್ದು ಒಣ ರೋಟಿ, ಉಪ್ಪಿನಕಾಯಿ, ಈರುಳ್ಳಿ.

ಆ ಮ್ಯಾನೇಜರ್ ಹೇಳಿದ್ದು ನಿಜವೇ. ಇಂಥ ಅಡುಗೆಮನೆಗಳಲ್ಲಿ ಬೆಳಿಗ್ಗೆಯೇ ದೊಡ್ಡ ಪಾತ್ರೆಗಳಲ್ಲಿ ಗ್ರೇವಿ ಕುದಿಸಿ ಇಟ್ಟುಬಿಡುತ್ತಾರೆ. ಕೆಂಪು ಗ್ರೇವಿಗೆ ಟೊಮೆಟೊ, ಗೋಡಂಬಿ, ಬೆಣ್ಣೆ. ಬಿಳಿ ಗ್ರೇವಿಗೆ ಗೋಡಂಬಿ, ಖೋವಾ, ಕೆಲವು ಕಡೆ ಮೊಸರು. ಆರ್ಡರ್ ಬಂದ ಕೂಡಲೇ ಇದರಲ್ಲಿ ಒಂದು ಸೌಟು, ಅದರಲ್ಲಿ ಒಂದು ಸೌಟು ಬಾಣಲೆಗೆ ಹಾಕಿ, ತರಕಾರಿ ಸೇರಿಸಿ ಕಳಿಸುತ್ತಾರೆ. ನೀವು ‘ಕ್ರೀಮ್ ಬೇಡ’ ಅಂದರೆ ಅವರು ಕೊನೆಗೆ ಹಾಕುವ ಕ್ರೀಮ್ ಬಿಡಬಹುದು ಅಷ್ಟೇ. ಬೆಳಿಗ್ಗೆ ಸೇರಿದ ಬೆಣ್ಣೆಯನ್ನು ನಿಮ್ಮ ಒಂದು ಪ್ಲೇಟಿಗಾಗಿ ಯಾರೂ ತೆಗೆಯಲಾರರು.

ಖಾನಾವಳಿಯಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಒಲೆಯ ಮೇಲೆ ಹಾಲಿನ ಸಂಬಂಧವೇ ಕಡಿಮೆ. ಬೆಣ್ಣೆ, ಮೊಸರು, ತುಪ್ಪ ಎಲ್ಲ ಬರುವುದು ಕೊನೆಗೆ, ಬಡಿಸುವಾಗ, ಮೇಲಿಂದ. ಬಡಿಸುವವರಿಗೆ ಹೇಳಿದರೆ ಮುಗಿಯಿತು. ನನ್ನ ಇಡೀ ಹೋಲಿಕೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ತಟ್ಟೆಯನ್ನೇ ನೋಡಿ. ಜೋಳದ ರೊಟ್ಟಿಗೆ ಬೇಕಾಗಿದ್ದು ಜೋಳದ ಹಿಟ್ಟು, ಕುದಿಯುವ ನೀರು. ತಟ್ಟಿ ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಎಣ್ಣೆಯೂ ಇಲ್ಲ. ಬದನೆಕಾಯಿ ಎಣ್ಣೆಗಾಯಿಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಹುಣಸೆ, ಬೆಲ್ಲ. ಆ ಮಸಾಲೆಗೆ ಬರುವ ಗಟ್ಟಿತನ ಗೋಡಂಬಿ-ಕ್ರೀಮಿಗೆ ಎಲ್ಲಿಂದ ಬರಬೇಕು? ಜೊತೆಗೆ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ. ಕೆಲವು ದಿನ ಪುಂಡಿಪಲ್ಯ, ಕೆಲವು ದಿನ ಜುಣಕ. ಹಸಿ ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ, ಮೂಲಂಗಿ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೆಂಪು ಹಿಂಡಿ. ಆಮೇಲೆ ಅನ್ನ, ಸಾರು. ಇಷ್ಟಕ್ಕೂ ನನ್ನ ಜೇಬಿನಿಂದ 150ರ ಒಳಗೇ ಹೋಗುವುದು. ರೊಟ್ಟಿ ಎಷ್ಟು ಕೇಳಿದರೂ ಮುಖ ಗಂಟು ಹಾಕದೆ ತಂದು ಹಾಕುತ್ತಾರೆ.

ಇನ್ನು ಖಾನಾವಳಿಯ ಒಂದೇ ಒಂದು ಕಿರಿಕಿರಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೊದಲ ಸಲ ಹೋದವರು ಇಲ್ಲೇ ಸೋಲುತ್ತಾರೆ.

ಬಡಿಸುವವರ ಕೈ ಬಹಳ ಚುರುಕು. ಹಿಡಿಕೆ ಇರುವ ಸ್ಟೀಲಿನ ಬಟ್ಟಲುಗಳ ಜೋಡಿ ಹಿಡಿದು ಸಾಲಿನಲ್ಲಿ ಬರುತ್ತಾರೆ. ಶೇಂಗಾ ಚಟ್ನಿ ಒಂದು ಚಮಚ ಹಾಕಿ, ಅದೇ ಚಮಚದ ತುದಿಯಿಂದ ನಡುವೆ ಕುಣಿ ಮಾಡಿ, ಆ ಕುಣಿಗೆ ಗಟ್ಟಿ ಮೊಸರು ಬಿಟ್ಟು, ನೀವು ತಲೆ ಎತ್ತುವಷ್ಟರಲ್ಲಿ ಮುಂದಿನ ತಟ್ಟೆಗೆ ಹೋಗಿರುತ್ತಾರೆ. ಹಿಂದೆಯೇ ಬಿಸಿ ರೊಟ್ಟಿ ಬರುತ್ತದೆ, ಅದರ ಮೇಲೆ ಬೆಣ್ಣೆಯ ಮುದ್ದೆ. ಬಿಸಿಗೆ ಅದು ಕರಗಿ ಇಡೀ ರೊಟ್ಟಿಗೆ ಹರಡುತ್ತದೆ. ಆಗ ‘ಬ್ಯಾಡ್ರಿ’ ಅಂದು ಏನು ಉಪಯೋಗ? ಆ ತಟ್ಟೆ ವಾಪಸ್ ಕಳಿಸಿದರೆ ಊಟವೆಲ್ಲ ಚೆಲ್ಲಬೇಕು. ಅನ್ನ ಚೆಲ್ಲಿಸುವುದು ನನಗಂತೂ ಆಗದ ಮಾತು.

ಸರಿ, ಮೊದಲೇ ಹೇಳೋಣ ಅಂದರೆ ಅಲ್ಲೂ ಒಂದು ತೊಡಕು. ‘ತುಪ್ಪ ಹಾಕ್ತೀರೇನ್ರಿ?’ ಅಂತ ಕೇಳಿದರೆ, ‘ಡಾಲ್ಡಾ ಮುಟ್ಟೂದಿಲ್ರಿ ಸಾಹೇಬ್ರ, ಚೊಲೊ ತುಪ್ಪಾನ ಹಾಕ್ತೀವಿ’ ಅಂತ ಎದೆಯುಬ್ಬಿಸಿ ಹೇಳುತ್ತಾರೆ. ತುಪ್ಪ ಶುದ್ಧವೋ ಅಲ್ಲವೋ ಅಂತ ನಾನು ಕೇಳುತ್ತಿದ್ದೇನೆ ಅಂತ ಅವರ ಲೆಕ್ಕ. ಬೇಡ ಅಂದರೆ, ‘ಉಪಾಸ ಅದೀರೇನ್ರಿ?’ ಅನ್ನುತ್ತಾರೆ. ಹೌದು ಅಂದರಂತೂ ಹಾಲು, ಮೊಸರು ಇನ್ನೂ ಜಾಸ್ತಿ ಬರುತ್ತದೆ. ಇಲ್ಲ ಅಂದರೆ, ‘ಮತ್ತ ಆರಾಮ ಇಲ್ಲೇನ್ರಿ?’ ಅಂತ ಕಾಳಜಿ. ನಮ್ಮ ಕಡೆ ಬೆಣ್ಣೆ, ತುಪ್ಪ ಬಡಿಸುವುದು ಬಂದವರಿಗೆ ಕೊಡುವ ಮರ್ಯಾದೆ. ಅದನ್ನು ಬೇಡ ಅಂದಾಗ ಅವರಿಗೆ ಬೇಜಾರಾಗುತ್ತದೆ, ಅದು ಮುಖದಲ್ಲೇ ಕಾಣುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮಾತೇ ಇಲ್ಲ.

ನಾನು ಕಂಡುಕೊಂಡ ದಾರಿ ಹೀಗಿದೆ. ಕೂರುವ ಮೊದಲೇ ಗಲ್ಲಾದ ಹತ್ತಿರ ಹೋಗಿ ಮಾಲಕರಿಗೆ ಹೇಳುತ್ತೇನೆ. ವೀಗನ್ ಅನ್ನುವುದಿಲ್ಲ. ‘ಹಾಲು ಬೇಡ’ ಅಂತ ಇಷ್ಟೇ ಹೇಳಿದರೂ ಸಾಲದು, ಮೊಸರು ಬಂದೇ ಬರುತ್ತದೆ. ಒಂದೊಂದನ್ನೂ ಹೆಸರಿಟ್ಟು ಹೇಳಬೇಕು: ‘ಅಣ್ಣಾರ, ಹಾಲು, ಮೊಸರು, ಮಜ್ಜಿಗಿ, ಬೆಣ್ಣಿ, ತುಪ್ಪ ಏನೂ ತಿನ್ನೂದಿಲ್ರಿ. ಬರೀ ಎಣ್ಣಿ ನಡೀತೈತ್ರಿ.’ ಈ ಕೊನೆಯ ಮಾತು ಬಹಳ ಮುಖ್ಯ. ಏನು ಬೇಡ ಅನ್ನುವುದರ ಜೊತೆಗೆ ಏನು ನಡೆಯುತ್ತದೆ ಅಂತಲೂ ಹೇಳಿದರೆ ಅವರಿಗೆ ನಿರಾಳ. ಮೊಸರಿನ ಜಾಗದಲ್ಲಿ ಹಸಿ ಎಣ್ಣೆ ಕೇಳಿ. ಶೇಂಗಾ ಚಟ್ನಿಗೆ ಕುಣಿ ಮಾಡಿ ಎಣ್ಣೆ ಬಿಟ್ಟು ಕಲಸಿ ತಿನ್ನುವುದು ನಮ್ಮ ಹೊಲಮನೆಗಳ ಹಳೆಯ ರೂಢಿ. ಕುಸುಬಿ ಎಣ್ಣೆ ಸಿಕ್ಕರೆ ಅದರ ರುಚಿಯೇ ಬೇರೆ. ಎಣ್ಣೆ ಕೇಳಿದ ಕೂಡಲೇ ಬಡಿಸುವವರ ಮುಖ ಅರಳುತ್ತದೆ, ಬಡಿಸಲು ಏನೋ ಒಂದು ಸಿಕ್ಕಿತಲ್ಲ ಅಂತ. ಎರಡನೇ ಸಲ ಅದೇ ಖಾನಾವಳಿಗೆ ಹೋದರೆ ಹೇಳುವ ಕೆಲಸವೂ ಇಲ್ಲ. ‘ಸಾಹೇಬ್ರಿಗೆ ಎಣ್ಣಿ ತಾರೋ’ ಅಂತ ಅವರೇ ಕೂಗುತ್ತಾರೆ.

ಆದರೂ ಕೇಳಿಕೊಂಡು ತಿನ್ನಬೇಕಾದ ಒಂದೆರಡು ಇವೆ. ಪಚಡಿಗೆ ಮೊಸರು ಕಲಸಿರಬಹುದು. ಸಾರಿನ ಬದಲು ಮಜ್ಜಿಗೆಯ ಕಡಿ ಮಾಡಿರಬಹುದು. ಚಪಾತಿಗೆ ತುಪ್ಪ ಸವರಿರಬಹುದು, ಹಾಗಾಗಿ ರೊಟ್ಟಿಯೇ ಇರಲಿ. ಹುಗ್ಗಿ, ಮಾದಲಿ ಇದ್ದ ದಿನ ಅವನ್ನು ಬಿಟ್ಟುಬಿಡಿ. ಇನ್ನೊಂದು ಮಾತು. ಹಾಲಿನ ಅಲರ್ಜಿ ಇರುವವರಿಗೆ ನಾನು ಖಾನಾವಳಿ ಹೇಳಲಾರೆ. ಅದೇ ಕೈ, ಅದೇ ಚಮಚ ಎಲ್ಲ ಬಟ್ಟಲಿಗೂ ಹೋಗುತ್ತದೆ. ಅಂಥವರು ಡಬ್ಬಿಯನ್ನೇ ನಂಬಬೇಕು.

ಉಡುಪಿ ಹೋಟೆಲಿಗೆ ನನ್ನ ಲೆಕ್ಕದಲ್ಲಿ ಎರಡನೇ ಜಾಗ. ಇಡ್ಲಿ, ಉದ್ದಿನ ವಡೆ, ಪೂರಿ-ಭಾಜಿ ಧೈರ್ಯವಾಗಿ ತಿನ್ನಬಹುದು. ರವಾ ಇಡ್ಲಿಯ ಹಿಟ್ಟಿಗೇ ಮೊಸರು ಹಾಕಿರುತ್ತಾರೆ, ಬೇಡ. ದೋಸೆಗೆ ‘ಎಣ್ಣೆ ಹಾಕಿ’ ಅಂದರೆ ಹಾಕುತ್ತಾರೆ, ಆದರೆ ಅದೇ ಹಂಚಿನ ಮೇಲೆ ಹಿಂದಿನ ದೋಸೆಯ ಬೆಣ್ಣೆ ಇರುತ್ತದೆ. ಉಪ್ಪಿಟ್ಟು, ಪೊಂಗಲ್, ಬಿಸಿಬೇಳೆ ಭಾತ್, ಕೇಸರಿಭಾತ್ ನಾಲ್ಕರಲ್ಲೂ ತುಪ್ಪ ಇದೆ ಅಂತಲೇ ತಿಳಿದುಕೊಳ್ಳಿ. ಬೆಳಿಗ್ಗೆ ಬಸ್ಸಿಳಿದ ಕೂಡಲೇ ತಿನ್ನಲು ಇಡ್ಲಿ-ವಡೆ ಸಾಕು, ಮಧ್ಯಾಹ್ನದ ಊಟಕ್ಕೆ ಅಷ್ಟರಲ್ಲಿ ಹೊಟ್ಟೆ ತುಂಬುವುದಿಲ್ಲ.

ಬೆಳಗಾವಿಯಲ್ಲಿ ಬೆಳಗಿನ ನಾಷ್ಟಾಕ್ಕೆ ಇನ್ನೊಂದು ಒಳ್ಳೆಯ ದಾರಿ ಇದೆ, ಮರಾಠಿ ರುಚಿಯ ಪುಟ್ಟ ಅಂಗಡಿಗಳು. ಒಗ್ಗರಣೆ ಅವಲಕ್ಕಿಗೆ ಎಣ್ಣೆ, ಶೇಂಗಾ, ಉಳ್ಳಾಗಡ್ಡಿ ಅಷ್ಟೇ. ಮಿಸಳ್ ಅಂದರೆ ಮೊಳಕೆ ಬಂದ ಮಡಕಿಕಾಳು, ಖಾರದ ರಸ, ಮೇಲೆ ಫರ್ಸಾಣ. ಅದರ ಕೆಂಪು ರಸ ನೋಡಿ ಹೆದರಬೇಡಿ, ಎರಡು ಲಿಂಬು ಹೋಳು ಹಿಂಡಿದರೆ ಹದಕ್ಕೆ ಬರುತ್ತದೆ. ‘ಮ್ಯಾಲೆ ಮೊಸರು ಬ್ಯಾಡ್ರಿ’ ಅನ್ನಬೇಕು, ಪಾವ್ ಬೆಣ್ಣೆಯಲ್ಲಿ ಕಾಯಿಸಬೇಡಿ ಅನ್ನಬೇಕು. ಪಾವಿನ ಹಿಟ್ಟಿಗೆ ಹಾಲು ಹಾಕುತ್ತಾರೋ ಇಲ್ಲವೋ ಬೇಕರಿಯಿಂದ ಬೇಕರಿಗೆ ಬೇರೆ, ಅದಕ್ಕೆ ಒಮ್ಮೆ ಕೇಳಿಬಿಡುವುದು ಒಳ್ಳೆಯದು. ಸಾಬುದಾಣಿ ಖಿಚಡಿಗೆ ತುಪ್ಪ ಹಾಕುವವರೇ ಜಾಸ್ತಿ. ಸಂಜೆಗೆ ಮಿರ್ಚಿ ಭಜಿ, ಗಿರ್ಮಿಟ್ ಇದ್ದೇ ಇವೆ. ಚಹಾ ಮಾತ್ರ ಕಷ್ಟ. ಹಾಲು ಮೊದಲೇ ಕುದಿಯುತ್ತಿರುತ್ತದೆ. ಲಿಂಬು ಚಹಾ ಕೇಳಿದರೆ ಬೇರೆ ಮಾಡಿಕೊಡುತ್ತಾರೆ.

ಮೊಬೈಲ್ ಆರ್ಡರ್ ನನ್ನ ಪಟ್ಟಿಯಲ್ಲಿ ಕೊನೆಗೆ. ವೀಗನ್ ಅಂತ ಹುಡುಕಿದರೆ ಪನೀರ್ ಟಿಕ್ಕಾ ಕೂಡ ಬರುತ್ತದೆ. ಸೂಚನೆ ಬರೆಯುವ ಜಾಗದಲ್ಲಿ ಎಷ್ಟೇ ಬರೆದರೂ ಅಡುಗೆಯವರ ಕಣ್ಣಿಗೆ ಬೀಳುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದು ಸಲ ತರಿಸಿದ ಸಲಾಡ್ ಮೇಲೆ ಜೇನು ಸುರಿದಿದ್ದರು. ತಪ್ಪಾದರೆ ಮಾತಾಡಲು ಎದುರಿಗೆ ಮನುಷ್ಯರೇ ಇಲ್ಲ, ಡಬ್ಬಿ ಬಾಗಿಲಲ್ಲಿ ಇಟ್ಟು ಹುಡುಗ ಹೋಗಿರುತ್ತಾನೆ. ಖಾನಾವಳಿಯ ಊಟಕ್ಕಿಂತ ದುಡ್ಡೂ ಜಾಸ್ತಿ.

ಅಂಗಡಿಯ ಪ್ಯಾಕೆಟ್ಟುಗಳ ಬಗ್ಗೆಯೂ ಒಂದು ಮಾತು. ಹಸಿರು ಚುಕ್ಕೆ ಇದೆ ಅಂತ ತಗೊಳ್ಳಬೇಡಿ. ನಮ್ಮ ದೇಶದಲ್ಲಿ ಹಾಲಿನ ಪದಾರ್ಥಕ್ಕೂ ಹಸಿರು ಚುಕ್ಕೆಯೇ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ವೀಗನ್ ಆಹಾರಕ್ಕೆ ಬೇರೆ ನಿಯಮ ತಂದಿತು. ಅದರ ಗುರುತು ಹಸಿರು ಚೌಕದೊಳಗೆ ‘ವಿ’ ಅಕ್ಷರ, ಅದರ ಮೇಲೆ ಚಿಗುರು. ಆ ಗುರುತು ಇರುವ ಪ್ಯಾಕೆಟ್ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ. ಹಾಗಾಗಿ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ಹಾಲಿದ್ದರೆ ಅಲರ್ಜಿಯ ಸಾಲಿನಲ್ಲಿ ಬರೆದಿರಲೇಬೇಕು.

ಡಬ್ಬಿ ಯಾವಾಗಲೂ ಚೀಲದಲ್ಲಿ ಇರುತ್ತದೆ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ. ರಾತ್ರಿ ಖಾನಾವಳಿಯಲ್ಲಿ ರೊಟ್ಟಿ ಮುಗಿದಿದ್ದರೆ ಇದೇ ಗತಿ. ಇದರ ಜೊತೆಗೆ ಬಿ12 ಮಾತ್ರೆಯೂ ಇರುತ್ತದೆ. ಕಾಳು, ಸೊಪ್ಪು, ಎಳ್ಳು ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಹಾಲು ಬಿಟ್ಟವರು ಡಾಕ್ಟರನ್ನು ಕೇಳಿ ಅದನ್ನು ತಗೊಳ್ಳಲೇಬೇಕು, ಇದರಲ್ಲಿ ಉದಾಸೀನ ಮಾಡಬೇಡಿ.

ಹಾಗಾದರೆ ಎಸಿ ಹೋಟೆಲಿಗೆ ಹೋಗಲೇಬಾರದಾ? ಸಹೋದ್ಯೋಗಿಗಳ ಜೊತೆ ನಾನೂ ಹೋಗುತ್ತೇನೆ. ಆಗ ಗ್ರೇವಿಯ ಪುಟವನ್ನು ತೆರೆಯುವುದೇ ಇಲ್ಲ. ಆರ್ಡರ್ ಆದ ಮೇಲೆ ಬಾಣಲೆಗೆ ಬೀಳುವ ಒಣ ಪಲ್ಯಗಳಷ್ಟನ್ನೇ ಹೇಳುತ್ತೇನೆ: ಆಲೂ ಜೀರಾ, ಭಿಂಡಿ ಫ್ರೈ, ಎಣ್ಣೆಯ ಒಗ್ಗರಣೆ ಹಾಕಿದ ದಾಲ್. ನಾನ್, ಕುಲ್ಚಾ ಹಿಟ್ಟಿಗೆ ಮೊಸರು, ಹಾಲು ಸೇರಿರುತ್ತದೆ. ಅದಕ್ಕೆ ಬೆಣ್ಣೆ ಸವರದ ತಂದೂರಿ ರೋಟಿ. ಹೊಟ್ಟೆ ತುಂಬುತ್ತದೆ, ದುಡ್ಡು ಮೂರು ಪಟ್ಟು. ನನ್ನಂತೆ ಮಧ್ಯಾಹ್ನ ಗಟ್ಟಿಯಾಗಿ ಉಂಡು ರಾತ್ರಿ ಹಗುರಾಗಿ ಮುಗಿಸುವವರಿಗೆ, ತಿಂಗಳ ಖರ್ಚಿನ ಮೇಲೆ ಕಣ್ಣಿಟ್ಟವರಿಗೆ ಅದು ದಿನವೂ ಆಗುವ ಮಾತಲ್ಲ.

ಮನೆಗೆ ಸಿಹಿ ಒಯ್ಯಬೇಕು ಅಂತ ಎಲ್ಲರೂ ಕುಂದಾದ ಅಂಗಡಿ ತೋರಿಸುತ್ತಾರೆ. ಕುಂದಾ ಅಂದರೆ ಹಾಲೇ. ಗೋಕಾಕ, ಅಮೀನಗಡದ ಕರದಂಟಿಗೂ ಅಂಟನ್ನು ತುಪ್ಪದಲ್ಲಿ ಹುರಿದು ಹಾಕುತ್ತಾರೆ. ನಾನು ಕಟ್ಟಿಸುವುದು ಶೇಂಗಾ ಉಂಡೆ, ಶೇಂಗಾ ಹೋಳಿಗೆ. ಉಂಡೆಗೆ ಶೇಂಗಾ, ಬೆಲ್ಲ ಇದ್ದರೆ ಸಾಕು, ಆದರೂ ಉಂಡೆ ಕಟ್ಟುವಾಗ ತುಪ್ಪ ಮುಟ್ಟಿಸಿದ್ದಾರಾ ಅಂತ ಕೇಳಿ. ಹೋಳಿಗೆ ಎಣ್ಣೆಯಲ್ಲಿ ಬೇಯಿಸಿದ್ದು ಇದೆಯಾ ನೋಡಿ, ಹಂಚಿನ ಮೇಲೆ ತುಪ್ಪ ಬೀಳುವ ಮೊದಲೇ ಹೇಳಿಬಿಡಿ.