ಮಡಿಕೇರಿ ಏರಿನಲ್ಲಿ ಗೇರ್ ಸೈಕಲ್: ಒಂದು ಮಳೆಗಾಲ ಓಡಿಸಿದ ಮೇಲೆ

"ಮಡಿಕೇರೀಲಿ ಸೈಕಲ್ಲಾ? ಏರು ಹತ್ತೋಕೆ ಆಗುತ್ತಾ?" ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಆಗುತ್ತೆ. ನನಗೀಗ 47 ವರ್ಷ. ಮನೆ ಓಂಕಾರೇಶ್ವರ ದೇವಸ್ಥಾನದ ಕಡೆ, ತಗ್ಗಿನಲ್ಲಿ. ಟೈಲರಿಂಗ್ ಅಂಗಡಿ ಮೇಲೆ, ಪೇಟೆಯಲ್ಲಿ. ಮೇ ತಿಂಗಳಲ್ಲಿ 21 ಗೇರಿನ, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಸೈಕಲ್ ತಗೊಂಡೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಜೋರು ಮಳೆಯಲ್ಲೂ ಬಿಡದೆ ಓಡಿಸಿದ್ದೇನೆ.

ಮೊದಲ ವಾರ ಮಾತ್ರ ಅಳು ಬರುವ ಹಾಗಾಗಿತ್ತು. ಅರ್ಧ ಏರಲ್ಲೇ ಇಳಿದು ತಳ್ಳುತ್ತಿದ್ದೆ. ಕಾಲಲ್ಲಿ ಶಕ್ತಿ ಇಲ್ಲ ಅಂದುಕೊಂಡಿದ್ದೆ, ಆದರೆ ತೊಂದರೆ ಇದ್ದದ್ದು ಗೇರಿನಲ್ಲಿ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ, ಮುಂದೆ ಪೆಡಲ್ ಹತ್ತಿರದ ಚಿಕ್ಕದಕ್ಕೆ 24 ಹಲ್ಲು, ಹಿಂದಿನ ದೊಡ್ಡದಕ್ಕೆ 28. ನಮ್ಮೂರಿನ ಏರಿಗೆ ಅದು ಸಾಲದು. ರಿಪೇರಿ ಹುಡುಗ ಹಿಂದಿನ ಫ್ರೀವೀಲ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಬಿಚ್ಚಿ ದೊಡ್ಡದಕ್ಕೆ 34 ಹಲ್ಲಿರುವುದು ಹಾಕಿದ, ಚೈನಿಗೂ ಕೊಂಡಿ ಸೇರಿಸಿದ. ಈಗ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಹಳೇ ಕರಿ ಸೈಕಲ್ಲಲ್ಲಿ ಎರಡು ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ಏರಲ್ಲಿ ಮಂಡಿ ಕಿತ್ತು ಬರುವುದು ಅದಕ್ಕೇ. ನಡೆಯುವವರಷ್ಟೇ ನಿಧಾನ ಹೋಗುತ್ತೇನೆ, ಆದರೆ ಇಳಿಯುವುದಿಲ್ಲ. ತಗೊಳ್ಳುವವರು ಬಣ್ಣ ನೋಡುವ ಮೊದಲು ಹಿಂದಿನ ಹಲ್ಲು ಎಣಿಸಿ.

ಬ್ರೇಕ್ ಬಗ್ಗೆ ಪೂರ್ತಿ ಸಮಾಧಾನವಿದೆ. ಮಾಮೂಲಿ ಸೈಕಲ್ಲಲ್ಲಿ ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ. ಡಿಸ್ಕ್ ಚಕ್ರದ ನಡುವೆ ಇರುವುದರಿಂದ ಕೆಸರು ಅಷ್ಟು ಮುಟ್ಟುವುದಿಲ್ಲ. ರಾತ್ರಿ ಎಂಟಕ್ಕೆ ಮಂಜಿನಲ್ಲಿ ಇಳಿಜಾರು ಇಳಿಯುವಾಗ ಎರಡು ಬೆರಳು ಒತ್ತಿದರೆ ಸಾಕು, ನಿಲ್ಲುತ್ತದೆ. ಮಳೆಯಲ್ಲಿ ಕಿರ್ ಅಂತ ಕೂಗುತ್ತದೆ, ಅಷ್ಟೇ.

ಬೇಜಾರಾದದ್ದು ಮಡ್‌ಗಾರ್ಡ್ ವಿಷಯಕ್ಕೆ. ಅದಿಲ್ಲದೆ ಮಾರಿದರು. ಮೊದಲ ಮಳೆಗೇ ಬೆನ್ನ ಮೇಲೆ ಕೆಂಪು ಮಣ್ಣಿನ ಗೆರೆ. ಗಿರಾಕಿಯ ರವಿಕೆ ಬಟ್ಟೆ ಚೀಲದಲ್ಲಿತ್ತು, ಪುಣ್ಯಕ್ಕೆ ಉಳಿಯಿತು. ಬೇರೆ ದುಡ್ಡು ಕೊಟ್ಟು ಹಾಕಿಸಿಕೊಂಡೆ. ಚೈನ್ ಕೂಡ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ದಿನಾ ಸಂಜೆ ಹಳೇ ಬನಿಯನ್ ಚೂರಿನಿಂದ ಒರೆಸಿ ಎಣ್ಣೆ ಬಿಡಬೇಕು. ತಲೆ ಮೇಲಿಂದ ಹೊದೆಯುವ ಕೊಪ್ಪೆ ಹಾಕಿಕೊಂಡು ತುಳಿಯಬೇಡಿ, ಗಾಳಿಗೆ ಪಟದ ಹಾಗೆ ಎಳೆಯುತ್ತದೆ. ಜಾಕೆಟ್ಟು, ಪ್ಯಾಂಟು ಬೇರೆಬೇರೆ ಇರುವ ಮಳೆಕೋಟೇ ಸರಿ.

ನಾರ್ವೆಯ ಟ್ರೊಂಡ್‌ಹೈಮ್ ಊರಲ್ಲಿ 1993ರಲ್ಲೇ ಸೈಕಲ್ಲಿನವರನ್ನು ಏರು ಹತ್ತಿಸುವ ಯಂತ್ರ ಹಾಕಿದ್ದಾರೆ. 130 ಮೀಟರ್ ಉದ್ದ. ಒಂದು ಕಾಲು ಹಲಗೆ ಮೇಲಿಟ್ಟರೆ ಅದೇ ತಳ್ಳುತ್ತದೆ. ನಮಗೆ ಅಷ್ಟೆಲ್ಲ ಬೇಡ. ರಸ್ತೆ ಬದಿಯ ಚರಂಡಿಗೆ ಗಟ್ಟಿ ಚಪ್ಪಡಿ ಹಾಸಿಕೊಡಲಿ. ಬಸ್ ಹಿಂದೆ ಹಾರ್ನ್ ಮಾಡಿದಾಗ ನಾನೂ, ಕೊಡೆ ಹಿಡಿದು ಶಾಲೆಗೆ ನಡೆಯುವ ಮಕ್ಕಳೂ ಸರಿದು ನಿಲ್ಲಲು ಈಗ ಜಾಗವೇ ಇಲ್ಲ.

ನಾಲ್ಕು ತಿಂಗಳಿಗೆ ಬ್ರೇಕ್ ಪ್ಯಾಡ್ ಒಂದು ಜೊತೆ ಸವೆದಿದೆ. ತುಲಾ ಸಂಕ್ರಮಣ ಕಳೆದ ಮೇಲೆ ಬದಲಾಯಿಸುತ್ತೇನೆ. ಓಡಿಸಿ ನೋಡಬೇಕು ಅನಿಸಿದವರು ಅಂಗಡಿಗೆ ಬನ್ನಿ, ಸೈಕಲ್ ಕೊಡುತ್ತೇನೆ.